ಗಾಲಿ ನೆಲ ಬಿಡಬಾರದು: ತೆರೆದ ಗಾಡಿಯ ಕಮಾನಿನ ಚರಿತ್ರೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ಈಗ ತೆರೆದ ಗಾಡಿಯ ಹುಚ್ಚು ಜೋರಾಗಿದೆ. ಮದುವೆ ಮೆರವಣಿಗೆಗೆ ತೆರೆದ ಜೀಪು ಬೇಕು, ಚುನಾವಣೆ ಪ್ರಚಾರಕ್ಕೆ ಬೇಕು, ಜಾತ್ರೆಗೂ ಬೇಕು. ಹಳೆಯ ಜೀಪು ಕೊಂಡು ಅದರ ಹುಡ್ ಬಿಚ್ಚಿಸಿ ಬಣ್ಣ ಹೊಡೆಸುವವರಿದ್ದಾರೆ. ಕೈಯಲ್ಲಿ ದುಡ್ಡಿದ್ದವರು ಮೇಲ್ಹೊದಿಕೆ ಮಡಚುವ ಥಾರ್ ತರುತ್ತಾರೆ. ಗಾಡಿ ಬಂದ ತಿಂಗಳಿಗೇ ಮುಂದಿನ ಮಾತು ಶುರುವಾಗುತ್ತದೆ: ಕಮಾನು ಬದಲಿಸೋಣವೇ? ಗಾಡಿ ಎತ್ತರ ಮಾಡೋಣವೇ? ಶಾಕ್ ಅಬ್ಸಾರ್ಬರ್ ಬಿಗಿ ಇರುವುದು ಹಾಕಿಸೋಣವೇ?

ಈ ಮಾತಿನ ಹಿಂದೆ ಒಂದು ನಂಬಿಕೆ ಇದೆ. ಗಾಡಿ ಎಷ್ಟು ಬಿಗಿಯೋ ಅಷ್ಟು ಸ್ಪೋರ್ಟ್ಸ್, ಎಷ್ಟು ಮೆತ್ತಗೋ ಅಷ್ಟು ಮುದುಕರ ಗಾಡಿ ಎಂಬುದು ಆ ನಂಬಿಕೆ. ಇದು ನಮ್ಮ ಹುಡುಗರದ್ದಷ್ಟೇ ಅಲ್ಲ. ಯುರೋಪಿನಲ್ಲಿ ಸ್ಪೋರ್ಟ್ಸ್ ಕಾರು ಮಾಡುವವರೂ ಒಂದು ಕಾಲಕ್ಕೆ ಹೀಗೆಯೇ ನಂಬಿದ್ದರು. ಆಮೇಲೆ ಅವರೇ ಅದನ್ನು ಬಿಟ್ಟರು. ಯಾಕೆ ಬಿಟ್ಟರು ಎಂದು ತಿಳಿದರೆ ಬೆಳವಣಕಿಯಂಥ ಎರೆ ನೆಲದ ಊರಿನವರಿಗೆ ದುಡ್ಡೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಕೌದಿಯೇ ಕಮಾನು

ನಮ್ಮ ಕಡೆಯ ಮೊದಲ ತೆರೆದ ಗಾಡಿ ಚಕ್ಕಡಿ. ಅದಕ್ಕೆ ಕಮಾನು ಇಲ್ಲ. ಅಚ್ಚಿನ ಮೇಲೆ ನೇರವಾಗಿ ಗಾಡಿಯ ಮೈ ಕೂತಿರುತ್ತದೆ. ಗಾಲಿಗೆ ಕಬ್ಬಿಣದ ಹಳಿ. ಕಲ್ಲಿನ ಮೇಲೆ ಹತ್ತಿದ ಹೊಡೆತ ಹಾಗೆಯೇ ಕೂತವರ ಬೆನ್ನಿಗೆ ಬರುತ್ತದೆ.

ಹಾಗಾದರೆ ನಮ್ಮ ಹಿರಿಯರು ಹೇಗೆ ತಡೆದುಕೊಂಡರು? ಅವರ ಬಳಿ ಮೂರು ಉಪಾಯಗಳಿದ್ದವು. ಮೊದಲನೆಯದು ದೊಡ್ಡ ಗಾಲಿ. ಚಿಕ್ಕ ಗಾಲಿ ತಗ್ಗಿನೊಳಗೆ ಬೀಳುತ್ತದೆ, ದೊಡ್ಡ ಗಾಲಿ ಅದೇ ತಗ್ಗಿನ ಮೇಲೆ ದಾಟಿಕೊಂಡು ಹೋಗುತ್ತದೆ. ಎರಡನೆಯದು ನಿಧಾನ. ಎತ್ತಿನ ನಡಿಗೆಯ ವೇಗದಲ್ಲಿ ಹೊಡೆತವೂ ನಿಧಾನವಾಗಿಯೇ ಬರುತ್ತದೆ. ಮೂರನೆಯದು ಹುಲ್ಲು ಮತ್ತು ಕೌದಿ. ಬಾದಾಮಿಯ ಬನಶಂಕರಿ ಜಾತ್ರೆಗೋ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ ಹೊರಟ ಚಕ್ಕಡಿಯಲ್ಲಿ ಮೊದಲು ಹುಲ್ಲು ಹರವಿ, ಅದರ ಮೇಲೆ ಕೌದಿ ಹಾಸಿ, ಮುದುಕರನ್ನೂ ಮಕ್ಕಳನ್ನೂ ಕೂರಿಸುತ್ತಿದ್ದರು. ಹುಲ್ಲು ಅದುಮಿಕೊಂಡು ಹೊಡೆತ ನುಂಗುತ್ತದೆ, ಆದರೆ ಮತ್ತೆ ಪುಟಿದು ಕೂತವರನ್ನು ಎತ್ತಿ ಹಾಕುವುದಿಲ್ಲ. ಈ ಕಡೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಖಾಲಿ ಗಾಡಾ ಓಟ ನೋಡಿದವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ಓಡುವ ಗಾಡಾದ ಗಾಲಿ ಕಲ್ಲಿಗೆ ತಾಗಿದರೆ ಇಡೀ ಗಾಡಾ ನೆಲ ಬಿಟ್ಟು ಜಿಗಿಯುತ್ತದೆ. ಆದರೂ ಓಟ ನಿಲ್ಲುವುದಿಲ್ಲ. ಎಳೆಯುವ ಬಲ ಇರುವುದು ಎತ್ತಿನ ಕಾಲಿನಲ್ಲಿ, ಗಾಲಿಯಲ್ಲಿ ಅಲ್ಲ. ತಿರುಗಿಸುವುದೂ ಎತ್ತೇ, ನಿಲ್ಲಿಸುವುದೂ ಎತ್ತೇ.

ಮೋಟಾರು ಗಾಡಿಯ ಕಥೆ ಬೇರೆ. ಅದರಲ್ಲಿ ಎಳೆಯುವುದು, ತಿರುಗಿಸುವುದು, ನಿಲ್ಲಿಸುವುದು ಮೂರೂ ಕೆಲಸ ನಡೆಯುವುದು ಟೈರು ನೆಲಕ್ಕೆ ತಾಗುವ ಅಂಗೈಯಷ್ಟು ಜಾಗದಲ್ಲಿ. ಗಾಲಿ ನೆಲ ಬಿಟ್ಟ ಕ್ಷಣ ಬ್ರೇಕ್ ಇಲ್ಲ, ಸ್ಟೇರಿಂಗ್ ಇಲ್ಲ. ಕೂತವರಿಗೆ ಸುಖ ಕೊಡುವುದು ಕಮಾನಿನ ಎರಡನೇ ಕೆಲಸ. ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿಯುವುದೇ ಅದರ ಮೊದಲ ಕೆಲಸ.

ಪಟ್ಟಿ ಕಮಾನು ಬಂತು

ಯುರೋಪಿನ ಕುದುರೆ ಗಾಡಿಗಳಲ್ಲಿ ಮೊದಲು ಮೈಯನ್ನು ತೊಗಲಿನ ಪಟ್ಟಿಗಳಿಂದ ತೂಗುಹಾಕುತ್ತಿದ್ದರು. ತೊಟ್ಟಿಲಿನ ಹಾಗೆ ತೂಗಾಡುತ್ತ ಹೋಗುವ ಗಾಡಿ ಅದು. 1804ರಲ್ಲಿ ಇಂಗ್ಲೆಂಡಿನ ಒಬಡಯ್ಯಾ ಎಲಿಯಟ್ ಎಂಬಾತ ಬಾಗಿದ ಉಕ್ಕಿನ ಪಟ್ಟಿಗಳ ಮೇಲೆ ಗಾಡಿಯ ಮೈ ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದೆ ನಮ್ಮ ಪೇಟೆಗಳಲ್ಲಿ ಓಡಿದ ಟಾಂಗಾಗಳ ಅಡಿಯಲ್ಲಿದ್ದದ್ದೂ ಅದೇ ಜಾತಿಯ ಪಟ್ಟಿ ಕಮಾನು. ಇವತ್ತು ಲಾರಿಯ ಕೆಳಗೆ, ಟ್ರ್ಯಾಕ್ಸ್ ಕ್ರೂಸರಿನ ಹಿಂದಿನ ಅಚ್ಚಿನ ಮೇಲೆ ಕಾಣುವುದೂ ಅದೇ.

ಪಟ್ಟಿ ಕಮಾನಿನ ಗುಣ ಅದರ ಸರಳತನ. ಉದ್ದನೆಯ ಪಟ್ಟಿಯ ಕೆಳಗೆ ಅದಕ್ಕಿಂತ ಗಿಡ್ಡ ಪಟ್ಟಿ, ಅದರ ಕೆಳಗೆ ಇನ್ನೂ ಗಿಡ್ಡದು. ಎಲ್ಲವನ್ನೂ ಯು ಬೋಲ್ಟಿನಿಂದ ಅಚ್ಚಿಗೆ ಬಿಗಿದರೆ ಮುಗಿಯಿತು. ಅದು ಭಾರ ಹೊರುತ್ತದೆ, ಅಚ್ಚನ್ನು ಜಾಗದಲ್ಲಿ ಹಿಡಿಯುತ್ತದೆ, ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಕುಣಿತವನ್ನೂ ಸ್ವಲ್ಪ ತಡೆಯುತ್ತದೆ. ಮುರಿದರೆ ರಸ್ತೆ ಬದಿಯಲ್ಲೇ ಬದಲಿಸಬಹುದು. ಮುರಿದ ಪಟ್ಟಿಯೂ ದಂಡವಾಗುವುದಿಲ್ಲ. ಕಮ್ಮಾರನ ಕುಲುಮೆಗೆ ಹೋಗಿ ಕುಡುಗೋಲಾಗಿ ಹೊಲಕ್ಕೆ ಮರಳುತ್ತದೆ.

ಅದರ ದೋಷವೂ ಇಲ್ಲೇ ಇದೆ. ಪಟ್ಟಿ ಹೆಚ್ಚಿಸಿದಂತೆ ಭಾರ ಹೊರುವ ಶಕ್ತಿ ಹೆಚ್ಚುತ್ತದೆ, ಜೊತೆಗೆ ಬಿಗಿಯೂ ಹೆಚ್ಚುತ್ತದೆ. ಹತ್ತು ಮಂದಿಗೆ ಸರಿಯಾದ ಕಮಾನು ಒಬ್ಬನೇ ಕೂತಾಗ ಕಲ್ಲಿನಂತಾಗುತ್ತದೆ.

ಕಮಾನಿನ ಜೊತೆಗೆ ಇನ್ನೊಂದು ಮೆತ್ತನೆಯ ವಸ್ತು ಬಂತು. 1888ರಲ್ಲಿ ಬೆಲ್‌ಫಾಸ್ಟ್‌ನ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಅವರ ವೃತ್ತಿ ದನದ ಡಾಕ್ಟರರದ್ದು. ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಮಾಡಿದ ಪ್ರಯೋಗ ಅದು. ಕಬ್ಬಿಣದ ಹಳಿಯ ಚಕ್ಕಡಿ ಬಿಟ್ಟು ಟೈರಿನ ಬಂಡಿ ಹೂಡಿದವರಿಗೆ ಈ ಗಾಳಿಯ ಬೆಲೆ ಗೊತ್ತು. ಗಾಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಕಮಾನು ಇಂದಿಗೂ ಟೈರಿನೊಳಗಿನ ಗಾಳಿಯೇ.

ಕುಣಿತ ನಿಲ್ಲಿಸುವ ವಿದ್ಯೆ

ಕಾರು ಬಂದ ಮೇಲೆ ಹೊಸ ತೊಂದರೆ ಹುಟ್ಟಿತು. ಕಮಾನು ಹೊಡೆತವನ್ನು ನುಂಗುವುದಿಲ್ಲ, ಇಟ್ಟುಕೊಂಡು ವಾಪಸ್ ಕೊಡುತ್ತದೆ. ಪಂಚಮಿಯ ಜೋಕಾಲಿಯನ್ನು ಒಮ್ಮೆ ತಳ್ಳಿ ಬಿಟ್ಟರೆ ಅದು ಎಷ್ಟೋ ಹೊತ್ತು ಆಡುತ್ತಲೇ ಇರುತ್ತದಲ್ಲ, ಹಾಗೆ. ಒಂದು ತಗ್ಗು ದಾಟಿದ ಗಾಡಿ ಮೇಲೆ ಕೆಳಗೆ ಕುಣಿಯುತ್ತಿರುವಾಗಲೇ ಇನ್ನೊಂದು ತಗ್ಗು ಬಂದರೆ ಕುಣಿತ ದುಪ್ಪಟ್ಟಾಗುತ್ತದೆ.

ಇದನ್ನು ತಡೆಯಲು 20ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಟ್ರುಫೋ, ಅಮೆರಿಕದ ಹಾರ್ಟ್‌ಫೋರ್ಡ್ ಮುಂತಾದವರು ಉಜ್ಜುವ ಬಿಲ್ಲೆಗಳ ಉಪಕರಣ ತಂದರು. ಪ್ಯಾರಿಸಿನ ಮೋರ್ಸ್ ಕಂಪನಿ ತನ್ನ ರೇಸ್ ಕಾರುಗಳಿಗೆ ಇಂಥವನ್ನು ಮೊದಮೊದಲೇ ಹಾಕಿತು. ಆಮೇಲೆ ಎಣ್ಣೆ ತುಂಬಿದ ಕೊಳವೆ ಬಂತು. ಒಳಗಿನ ಪಿಸ್ಟನ್ ಚಿಕ್ಕ ತೂತುಗಳ ಮೂಲಕ ಎಣ್ಣೆಯನ್ನು ಒತ್ತಿಕೊಂಡು ಹೋಗಬೇಕು. ಆ ಕಷ್ಟದಲ್ಲಿ ಕುಣಿತದ ಶಕ್ತಿಯೆಲ್ಲ ಶಾಖವಾಗಿ ಕಳೆದುಹೋಗುತ್ತದೆ. ನಾವು ಶಾಕ್ ಅಬ್ಸಾರ್ಬರ್ ಎನ್ನುವುದು ಇದಕ್ಕೇ. ಚಕ್ಕಡಿಯ ಹುಲ್ಲು ಪುಟಿಯದೆ ಮಾಡುತ್ತಿದ್ದ ಕೆಲಸವನ್ನು ಮೋಟಾರು ಗಾಡಿಯಲ್ಲಿ ಈ ಎಣ್ಣೆ ಮಾಡುತ್ತದೆ.

ಕಮಾನು ಮತ್ತು ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಒಂದು ಹೊರುವವ, ಇನ್ನೊಂದು ತಡೆಯುವವ. ಇಬ್ಬರ ಕೆಲಸ ಬೇರೆ. ಗಾಡಿ ಕುಣಿಯುತ್ತದೆ ಎಂದು ಕಮಾನು ಬಿಗಿ ಮಾಡಿಸುವುದು ಜೋಕಾಲಿ ಆಡುತ್ತದೆ ಎಂದು ಹಗ್ಗ ಗಿಡ್ಡ ಮಾಡಿದ ಹಾಗೆ. ಆಟ ನಿಲ್ಲುವುದಿಲ್ಲ, ಬೇಗ ಬೇಗ ಆಡತೊಡಗುತ್ತದೆ.

ಬಿಗಿ ಗಾಡಿಯ ಕಾಲ ಮುಗಿದದ್ದು

ಈಗ ಸ್ಪೋರ್ಟ್ಸ್ ಕಾರಿನ ಮಾತಿಗೆ ಬರೋಣ. ಎರಡನೇ ಮಹಾಯುದ್ಧದ ತನಕ ಇಂಗ್ಲೆಂಡಿನ ತೆರೆದ ಸ್ಪೋರ್ಟ್ಸ್ ಕಾರು ಎಂದರೆ ಬಿಗಿ ಪಟ್ಟಿ ಕಮಾನಿನ ಗಾಡಿ. ಯುದ್ಧ ಮುಗಿದ 1945ರಲ್ಲಿ ಬಂದ ಎಂಜಿ ಟಿಸಿ ಕಾರಿಗೂ ನಾಲ್ಕೂ ಗಾಲಿಗೆ ಪಟ್ಟಿ ಕಮಾನು, ಹಿಂದೆ ಮುಂದೆ ಇಡೀ ಅಚ್ಚು. ಕಮಾನು ಎಷ್ಟು ಬಿಗಿ ಎಂದರೆ ತಗ್ಗಿಗೆ ಇಳಿದಾಗ ಕಮಾನಿಗಿಂತ ಮೊದಲು ಚಾಸಿಯೇ ಬಾಗುತ್ತಿತ್ತು. ಮೈ ನಡುಗಿದರೆ ಅದನ್ನೇ ವೇಗ ಎಂದು ಜನ ತಿಳಿದರು.

ಅದಕ್ಕೆ ಮೊದಲೇ ಅಮೆರಿಕದಲ್ಲಿ ಒಬ್ಬ ಎಂಜಿನಿಯರ್ ಈ ತಿಳಿವಳಿಕೆಯನ್ನು ಪರೀಕ್ಷೆಗೆ ಹಚ್ಚಿದ್ದ. ಹಿಂದೆ ರೋಲ್ಸ್ ರಾಯ್ಸ್‌ನಲ್ಲಿದ್ದು ಜನರಲ್ ಮೋಟರ್ಸ್ ಸೇರಿದ್ದ ಮಾರಿಸ್ ಓಲಿ, 1930ರ ದಶಕದ ಆರಂಭದಲ್ಲಿ ದೊಡ್ಡ ಕಾರೊಂದರ ಮೇಲೆ ತೂಕಗಳನ್ನು ಹಿಂದೆ ಮುಂದೆ ಸರಿಸಿ, ಕಮಾನು ಬದಲಿಸಿ ಓಡಿಸಿ ನೋಡಿದ. ಅವನಿಗೆ ಸಿಕ್ಕ ಉತ್ತರ ಆಗಿನ ರೂಢಿಗೆ ಉಲ್ಟಾ ಇತ್ತು: ಮುಂದಿನ ಕಮಾನು ಹಿಂದಿನದಕ್ಕಿಂತ ಮೆತ್ತಗಿರಬೇಕು. ಉಬ್ಬು ಮೊದಲು ಸಿಗುವುದು ಮುಂದಿನ ಗಾಲಿಗೆ. ಮುಂದಿನದು ನಿಧಾನವಾಗಿ ಆಡುತ್ತಿದ್ದರೆ ತಡವಾಗಿ ಏಳುವ ಹಿಂಭಾಗ ಅದನ್ನು ಕೂಡಿಕೊಳ್ಳುತ್ತದೆ, ಗಾಡಿ ಸಮನಾಗಿ ಏರಿಳಿಯುತ್ತದೆ. ಇಲ್ಲದಿದ್ದರೆ ಮೂಗು ಮೇಲೆ, ಬಾಲ ಕೆಳಗೆ ಎಂದು ತಲೆದೂಗುತ್ತಲೇ ಇರುತ್ತದೆ. ಅಷ್ಟು ಮೆತ್ತನೆಯ ಕಮಾನನ್ನು ಮುಂದಿನ ಇಡೀ ಅಚ್ಚಿಗೆ ಕಟ್ಟಿದರೆ ಸ್ಟೇರಿಂಗ್ ನಡುಗುತ್ತದೆ. ಹಾಗಾಗಿ ಎರಡೂ ಗಾಲಿ ಬೇರೆ ಬೇರೆಯಾಗಿ ಏರಿಳಿಯುವ ಏರ್ಪಾಡು ಬೇಕಾಯಿತು. 1934ರ ಹೊತ್ತಿಗೆ ಜನರಲ್ ಮೋಟರ್ಸ್ ಕಾರುಗಳಿಗೆ ಅದು ಬಂತು. ಎಂಜಿ ಕೂಡ 1950ರ ಟಿಡಿ ಕಾರಿನಲ್ಲಿ ಮುಂದೆ ಸುರುಳಿ ಸ್ಪ್ರಿಂಗ್ ಹಾಕಿತು.

ಫ್ರಾನ್ಸಿನಲ್ಲಿ ರೈತನಿಗೆಂದೇ ಒಂದು ಕಾರು ಹುಟ್ಟಿತು, ಸಿಟ್ರೋಯೆನ್ 2ಸಿವಿ. ಕಂಪನಿಯ ಮುಖ್ಯಸ್ಥ ಪಿಯರ್ ಬೂಲಾಂಜೆ ತನ್ನ ಎಂಜಿನಿಯರುಗಳಿಗೆ ಹಾಕಿದ ಷರತ್ತು ಪ್ರಸಿದ್ಧವಾಗಿದೆ: ಬುಟ್ಟಿ ತುಂಬ ಮೊಟ್ಟೆ ಇಟ್ಟುಕೊಂಡು ನೇಗಿಲು ಹೊಡೆದ ಹೊಲದಲ್ಲಿ ಓಡಿಸಿದರೂ ಒಂದೂ ಒಡೆಯಬಾರದು. 1948ರ ಪ್ಯಾರಿಸ್ ಪ್ರದರ್ಶನದಲ್ಲಿ ಕಾರು ಹೊರಬಂತು. ಅದರ ಮಾಡು ಕೂಡ ಸುರುಳಿ ಸುತ್ತಿ ತೆಗೆಯುವ ಬಟ್ಟೆಯದ್ದು. ತಿರುವಿನಲ್ಲಿ ಆ ಕಾರು ಒಂದು ಕಡೆ ವಿಪರೀತ ವಾಲುತ್ತಿತ್ತು, ಆದರೆ ಗಾಲಿ ಮಾತ್ರ ನೆಲ ಬಿಡುತ್ತಿರಲಿಲ್ಲ. 1990ರ ತನಕ ಅದನ್ನು ತಯಾರಿಸಿದರು.

ಮೆತ್ತಗಿನ ಕಮಾನನ್ನು ರೇಸಿನವರೂ ಒಪ್ಪುವಂತೆ ಮಾಡಿದ್ದು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. ಅವರ ಲೋಟಸ್ ಕಂಪನಿ 1962ರಲ್ಲಿ ಎಲಾನ್ ಎಂಬ ಎರಡು ಸೀಟಿನ ತೆರೆದ ಕಾರು ತಂದಿತು. ಅದರ ಸ್ಪ್ರಿಂಗ್ ಮೆತ್ತಗೆ, ಶಾಕ್ ಅಬ್ಸಾರ್ಬರ್ ಸರಿಯಾದ ಬಿಗಿ, ಗಾಡಿ ಹಗುರ. ತಿರುವಿನಲ್ಲಿ ರಸ್ತೆಗೆ ಅಂಟಿಕೊಳ್ಳುವ ಆ ಕಾರಿನ ಗುಣವನ್ನು ಇಂದಿಗೂ ಕಾರು ಬಲ್ಲವರು ಹೊಗಳುತ್ತಾರೆ. 1989ರಲ್ಲಿ ಜಪಾನಿನ ಮಜ್ದಾ ಕಂಪನಿ ಎಂಎಕ್ಸ್-5 ತಂದಾಗ ಅವರ ಕಣ್ಣ ಮುಂದಿದ್ದದ್ದು ಇಂಥ ಕಾರುಗಳೇ. ಆ ಕಾರಿನ ಗುರಿಯನ್ನು ಹೇಳಲು ಅವರು ಬಳಸಿದ ಜಪಾನಿ ಮಾತಿನ ಅರ್ಥ, ಕುದುರೆಯೂ ಸವಾರನೂ ಒಂದಾಗುವುದು. ಜೋಡೆತ್ತಿನ ಹಗ್ಗ ಹಿಡಿದವರಿಗೆ ಆ ಮಾತು ಬಿಡಿಸಿ ಹೇಳಬೇಕಿಲ್ಲ. ಈ ಕಾರು ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿದೆ. ಬಿಗಿ ಬೇಕೆನ್ನುವವರಿಗೆ ಕಂಪನಿಯೇ ಬೇರೆ ಶಾಕ್ ಅಬ್ಸಾರ್ಬರಿನ ಮಾದರಿಯನ್ನೂ ಮಾರಿತು. ನುಣ್ಣನೆಯ ರೇಸ್ ಟ್ರ್ಯಾಕಿಗೆ ಅದು ಸರಿ. ಆದರೆ ರಸ್ತೆಯ ಮೇಲೆ ಓಡುವ ಮಾದರಿಗೆ ಕಂಪನಿ ಇಟ್ಟದ್ದು ನಡುವಿನ ಅಳತೆ.

ಇನ್ನೊಂದು ತಪ್ಪು ಎಲ್ಲರಿಗೂ ಪಾಠವಾಯಿತು. 1970ರ ದಶಕದ ನಡುವೆ ಅಮೆರಿಕದ ಬಂಪರ್ ನಿಯಮಕ್ಕೆ ಹೊಂದಿಸಲು ಎಂಜಿಬಿ ಎಂಬ ತೆರೆದ ಕಾರನ್ನು ಸುಮಾರು ಒಂದು ಇಂಚು ಎತ್ತರಿಸಿದರು. ಒಂದೇ ಇಂಚು. ತಿರುವಿನಲ್ಲಿ ಕಾರು ವಾಲುವುದು ಹೆಚ್ಚಿತು, ಓಡಿಸುವವರ ದೂರೂ ಹೆಚ್ಚಿತು. ಆಮೇಲೆ ಎಡ ಬಲ ಗಾಲಿಗಳನ್ನು ಜೋಡಿಸಿ ವಾಲುವಿಕೆ ತಡೆಯುವ ಸರಳುಗಳನ್ನು ಹಾಕಿ ಸರಿಪಡಿಸಬೇಕಾಯಿತು. ನಮ್ಮಲ್ಲಿ ಜೀಪನ್ನು ಮೂರು ನಾಲ್ಕು ಇಂಚು ಎತ್ತರಿಸುವವರು ಈ ಕಥೆಯನ್ನು ಒಮ್ಮೆ ಕೇಳಬೇಕು.

ಮಾಡು ತೆಗೆದರೆ ಏನಾಗುತ್ತದೆ

ಬೂಟಿನ ಡಬ್ಬಿಯನ್ನು ಮುಚ್ಚಳ ಹಾಕಿ ಎರಡೂ ಕೈಯಿಂದ ತಿರುಚಿ ನೋಡಿ. ಬಿಗಿಯಾಗಿರುತ್ತದೆ. ಮುಚ್ಚಳ ತೆಗೆದು ತಿರುಚಿದರೆ ಸುಲಭವಾಗಿ ತಿರುಚುತ್ತದೆ. ಕಾರಿನ ಮಾಡು ಈ ಮುಚ್ಚಳದ ಹಾಗೆ. ಅದಕ್ಕೇ ತೆರೆದ ಕಾರು ಮಾಡುವ ಕಂಪನಿಗಳು ತಳದಲ್ಲಿ ಹೆಚ್ಚು ಉಕ್ಕು ಸೇರಿಸುತ್ತವೆ. ಜೀಪಿಗೆ ಕೆಳಗೆ ಬೇರೆ ಚಾಸಿ ಇರುವುದರಿಂದ ತೊಂದರೆ ಕಡಿಮೆ, ಆದರೆ ಪೂರ್ತಿ ಇಲ್ಲದಿಲ್ಲ.

ಮೈ ತಿರುಚುವ ಗಾಡಿಗೆ ಬಿಗಿ ಕಮಾನು ಹಾಕಿದರೆ ಏನಾಗುತ್ತದೆ? ಕಮಾನು ಬಾಗುವ ಬದಲು ಮೈ ಬಾಗುತ್ತದೆ. ಮುಂದಿನ ಗಾಜು ಅದುರುತ್ತದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ, ಬೆಸುಗೆ ಬಿಡುತ್ತದೆ. ಅಂದರೆ ತೆರೆದ ಗಾಡಿಗೆ ಮುಚ್ಚಿದ ಗಾಡಿಗಿಂತ ಮೆತ್ತಗಿನ ಕಮಾನೇ ಹೊಂದುತ್ತದೆ.

ನಮ್ಮ ದೇಶದ ತೆರೆದ ಗಾಡಿ

ನಮ್ಮಲ್ಲಿ ತೆರೆದ ಗಾಡಿ ಬಂದದ್ದು ಶೋಕಿಗಲ್ಲ, ಯುದ್ಧಕ್ಕೆ. ಅಮೆರಿಕದ ಸೈನ್ಯಕ್ಕಾಗಿ ಮಾಡಿದ ವಿಲ್ಲೀಸ್ ಜೀಪಿಗೆ ನಾಲ್ಕೂ ಕಡೆ ಪಟ್ಟಿ ಕಮಾನು. ಸ್ವಾತಂತ್ರ್ಯ ಬಂದ ಕಾಲಕ್ಕೆ ಮಹೀಂದ್ರಾ ಕಂಪನಿ ಅದನ್ನು ಇಲ್ಲೇ ಜೋಡಿಸಲು ಶುರು ಮಾಡಿತು. ಮುಂದೆ ಹಳ್ಳಿ ಕಡೆ ಇಲಾಖೆಯವರು ಬರುತ್ತಿದ್ದದ್ದೂ ಈ ಜಾತಿಯ ಜೀಪಿನಲ್ಲಿ, ಜನ ತುಂಬಿಕೊಂಡು ಓಡಾಡಿದ್ದೂ ಅದರಲ್ಲೇ. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಅದಕ್ಕೂ ನಾಲ್ಕು ಕಡೆ ಪಟ್ಟಿ ಕಮಾನೇ. ಹಗುರಾದ ಗಾಡಿಗೆ ಬಿಗಿ ಕಮಾನು, ಹಾಗಾಗಿ ಹಿಂದೆ ಕೂತವರಿಗೆ ನರಕ. ಆದರೆ ಗಟ್ಟಿತನದಿಂದ ಸೈನ್ಯಕ್ಕೂ ರ‍್ಯಾಲಿಯವರಿಗೂ ಬೇಕಾದ ಗಾಡಿಯಾಯಿತು. ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿ ದಾರಿಗಳಲ್ಲಿ ಜಿಪ್ಸಿ ಓಡಿಸುವವರು ಮೊದಲು ದುಡ್ಡು ಹಾಕುತ್ತಿದ್ದದ್ದು ಒಳ್ಳೆಯ ಶಾಕ್ ಅಬ್ಸಾರ್ಬರಿಗೆ.

ಅಪ್ಪಟ ಸ್ಪೋರ್ಟ್ಸ್ ಕಾರೂ ನಮ್ಮ ರಾಜ್ಯದವರ ಕನಸಿನಲ್ಲಿ ಬಂದಿತ್ತು. ಬೆಂಗಳೂರು ಮೂಲದ ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ತೆರೆದ ಕಾರು ತಂದಿತು. ಫೈಬರ್ ಮೈ, ರೆನೋ ಕಂಪನಿಯ 1.2 ಲೀಟರ್ ಎಂಜಿನ್. ಅದು ಹೆಚ್ಚು ಮಾರಾಟವಾಗಲಿಲ್ಲ.

ಮಹೀಂದ್ರಾದ ಥಾರ್ ಇತಿಹಾಸವನ್ನು ಓದಿದರೆ ನೂರು ವರ್ಷದ ಕಮಾನಿನ ಕಥೆಯೇ ಹತ್ತು ವರ್ಷದಲ್ಲಿ ನಡೆದಂತಿದೆ. 2010ರ ಥಾರ್‌ನ ದೊಡ್ಡ ಎಂಜಿನ್ ಮಾದರಿಗೆ ಮುಂದೆ ಬಿಡಿ ಬಿಡಿಯಾಗಿ ಆಡುವ ಗಾಲಿ, ಹಿಂದೆ ಪಟ್ಟಿ ಕಮಾನು. 2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಹಿಂದೆಯೂ ಪಟ್ಟಿ ಹೋಗಿ ಸುರುಳಿ ಸ್ಪ್ರಿಂಗ್ ಬಂತು. ಮಡಚುವ ಮೇಲ್ಹೊದಿಕೆಯ ಮಾದರಿಯೂ ಬಂತು. ನೆಲದಿಂದ ಗಾಡಿಯ ಎತ್ತರ 226 ಮಿಲಿಮೀಟರ್, ಸುಮಾರು ಒಂಬತ್ತು ಇಂಚು. ನಮ್ಮ ಹೊಲದ ದಾರಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ.

ಎರೆ ನೆಲಕ್ಕೆ ಯಾವ ಕಮಾನು

ಬೆಳವಣಕಿ ಸುತ್ತಲಿನ ನೆಲ ಕರಿ ಎರೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಇದರ ಮೇಲೆ ಹಾಕಿದ ಡಾಂಬರು ಎರಡು ಮೂರು ವರ್ಷಕ್ಕೆ ಅಲೆ ಅಲೆಯಾಗುತ್ತದೆ. ಬೆಣ್ಣೆಹಳ್ಳ ಉಕ್ಕಿ ಇಳಿದ ಮೇಲಂತೂ ಕೇಳುವುದೇ ಬೇಡ. ಚೂಪಾದ ತಗ್ಗು ಕಣ್ಣಿಗೆ ಕಾಣುತ್ತದೆ, ನಿಧಾನ ಮಾಡುತ್ತೇವೆ. ಉದ್ದನೆಯ ಅಲೆ ಕಾಣುವುದಿಲ್ಲ. 60, 70ರ ವೇಗದಲ್ಲಿ ಬಂದಾಗ ಅದೇ ಗಾಡಿಯನ್ನು ಎತ್ತಿ ಹಾಕುತ್ತದೆ. ಇಂಥ ರಸ್ತೆಗೆ ಬೇಕಾದದ್ದು ಉದ್ದಕ್ಕೆ ಆಡುವ ಮೆತ್ತನೆಯ ಕಮಾನು, ಅದರ ಕುಣಿತವನ್ನು ಒಂದೇ ಸಲಕ್ಕೆ ನಿಲ್ಲಿಸುವ ಒಳ್ಳೆಯ ಶಾಕ್ ಅಬ್ಸಾರ್ಬರ್.

ಹಾಗಾಗಿ ದುಡ್ಡು ಹಾಕುವವರಿಗೆ ಈ ಚರಿತ್ರೆ ಹೇಳುವ ಸರದಿ ಹೀಗಿದೆ.

ಮೊದಲು ಟೈರಿನ ಗಾಳಿ. ಕಂಪನಿ ಹೇಳಿದಷ್ಟೇ ಇದೆಯೇ ಎಂದು ನೋಡಿ. ಹೆಚ್ಚು ಗಾಳಿ ತುಂಬಿಸಿ ಗಾಡಿ ಬಿಗಿ ಎಂದು ಬೈಯುವವರೇ ಹೆಚ್ಚು.

ಎರಡನೆಯದು ರಬ್ಬರ್ ಬುಷ್. ಹರಿದ ಬುಷ್‌ನ ಸದ್ದನ್ನು ಕಮಾನಿನ ದೋಷ ಎಂದು ತಿಳಿಯುವುದುಂಟು.

ಮೂರನೆಯದು ಶಾಕ್ ಅಬ್ಸಾರ್ಬರ್. ಎಣ್ಣೆ ಸೋರಿದ ಗುರುತು ಇದೆಯೇ ನೋಡಿ. ಗಾಡಿಯ ಒಂದು ಮೂಲೆಯನ್ನು ಗಟ್ಟಿಯಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ. ಮೂರು ಸಲ ಕುಣಿದರೆ ಬದಲಿಸುವ ಕಾಲ ಬಂದಿದೆ. ಒಂದೇ ಅಚ್ಚಿನ ಎರಡನ್ನೂ ಜೋಡಿಯಾಗಿ ಬದಲಿಸಬೇಕು.

ಕಮಾನು ಬರುವುದು ಕೊನೆಗೆ. ಅದೂ ಕುಸಿದಿದ್ದರೆ, ಮುರಿದಿದ್ದರೆ ಮಾತ್ರ, ಮೊದಲಿದ್ದ ಅಳತೆಯದ್ದನ್ನೇ ಹಾಕಿಸಬೇಕು.

ಹಿಂದೆ ಒಂದು ಪಟ್ಟಿ ಹೆಚ್ಚು ಹಾಕಿಸಿ ಹೆಚ್ಚು ಜನ ತುಂಬುವ ರೂಢಿ ನಮ್ಮಲ್ಲಿದೆ. ತುಂಬಿದಾಗ ಗಾಡಿ ಕುಸಿಯುವುದಿಲ್ಲ ಎಂಬುದು ನಿಜ. ಆದರೆ ಬ್ರೇಕು, ಟೈರು, ಅಚ್ಚು ಹಳೆಯವೇ. ಜನ ಇಳಿದ ಮೇಲೆ ಖಾಲಿ ಬರುವಾಗ ಹಿಂದಿನ ಗಾಲಿ ಖಾಲಿ ಗಾಡಾದ ಹಾಗೆ ಜಿಗಿಯುತ್ತದೆ. ಎರೆ ಮಣ್ಣು ಮೆತ್ತಿದ ಒದ್ದೆ ರಸ್ತೆಯಲ್ಲಿ ಆ ಹೊತ್ತಿಗೆ ಬ್ರೇಕ್ ಒತ್ತಿದರೆ ಹಿಂಭಾಗ ಎತ್ತ ಹೋಗುತ್ತದೆಯೋ ಹೇಳಲಾಗದು. ಆ ಬಿಗಿ ಕಮಾನಿನ ಹೊಡೆತ ತಿನ್ನುವವರು ಯಾರು ಎಂದೂ ಯೋಚಿಸಬೇಕು. ಓಡಿಸುವವನು ಸ್ಟೇರಿಂಗ್ ಹಿಡಿದು ಮುಂದೆ ಕೂತಿರುತ್ತಾನೆ. ಹಿಂದಿನ ಅಚ್ಚಿನ ಮೇಲೆ ಕೂತವರು ಆಸ್ಪತ್ರೆಗೆ ಹೊರಟ ಬಸುರಿ, ಬೆನ್ನು ನೋವಿನ ಅಜ್ಜಿ, ಶಾಲೆಯ ಮಕ್ಕಳು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಚಿತಪಡಿಸಿದೆ. ಎತ್ತರಿಸಿದ ಜೀಪು ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ನಾವೇ ದಾರಿ ಮಾಡಿಕೊಟ್ಟಂತೆ.

ಹುಲ್ಲಿನ ಮೇಲೆ ಕೌದಿ ಹಾಸಿದ ನಮ್ಮ ಹಿರಿಯರು ಮೊದಲು ನೋಡುತ್ತಿದ್ದದ್ದು ಚಕ್ಕಡಿಯಲ್ಲಿ ಯಾರು ಕೂರುತ್ತಾರೆ, ದಾರಿ ಎಂಥದ್ದು ಎಂದು. ಫ್ರಾನ್ಸಿನ ಮೊಟ್ಟೆ ಬುಟ್ಟಿಯ ಷರತ್ತಿನಲ್ಲಿ ಇರುವುದೂ ಅದೇ ಎರಡು ಪ್ರಶ್ನೆ. ಮುಂದಿನ ಸಲ ಗ್ಯಾರೇಜಿಗೆ ಹೋಗಿ ಕಮಾನು ಬಿಗಿ ಮಾಡು ಎನ್ನುವ ಮೊದಲು ಮಿಸ್ತ್ರಿಗೆ ಇವೆರಡನ್ನೇ ಹೇಳಿ. ಕೆಲಸ ಬಲ್ಲ ಮಿಸ್ತ್ರಿಯಾದರೆ ಕಮಾನು ಮುಟ್ಟದೆ, ಬಗ್ಗಿ ಮೊದಲು ಶಾಕ್ ಅಬ್ಸಾರ್ಬರ್ ನೋಡುತ್ತಾನೆ.